ಅಡೆಲೀನಾ ಪಾಟಿ

ಶಿಲ್ಪಿ ತೀರಿಕೊಂಡ ಮೇಲೂ ಅವನು ಕಡೆದ ವಿಗ್ರಹ ನಿಂತಿರುತ್ತದೆ. ಕವಿ ಕಣ್ಮರೆಯಾದ ಮೇಲೂ ಅವನ ಕಾವ್ಯ ಓಲೆಗರಿಯಲ್ಲಿಯೋ ಅಚ್ಚಿನ ಪುಟದಲ್ಲಿಯೋ ಉಳಿದಿರುತ್ತದೆ. ಗಾಯಕರ ಪಾಡು ಬಹುಕಾಲ ಹೀಗಿರಲಿಲ್ಲ. ಹಾಡು ಮುಗಿದ ಮರುಕ್ಷಣವೇ ಅದು ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಹಾಡಿದವರು ಹೋದ ಮೇಲೆ ಕೇಳಿದವರ ನೆನಪೊಂದೇ ಉಳಿಯುತ್ತಿತ್ತು. ಆ ಕೇಳಿದವರೂ ಹೋದ ಮೇಲೆ ಹೆಸರು ಮಾತ್ರ. ಯೂರೋಪನ್ನು ಮರುಳುಮಾಡಿದ ಮಾರಿಯಾ ಮಾಲಿಬ್ರಾನ್ 1836ರಲ್ಲಿಯೂ ಜೆನ್ನಿ ಲಿಂಡ್ 1887ರಲ್ಲಿಯೂ ತೀರಿಕೊಂಡರು. ಅವರನ್ನು ಹೊಗಳಿ ಬರೆದ ಪುಟಗಳು ಸಾವಿರಾರು ಇವೆ. ಅವರ ಕಂಠದ ಒಂದೇ ಒಂದು ಸ್ವರವೂ ನಮಗೆ ದಕ್ಕಿಲ್ಲ. ಅವರ ನಂತರ ಬಂದ ಅಡೆಲೀನಾ ಪಾಟಿಗೆ ಆ ಗತಿ ಕೂದಲೆಳೆಯ ಅಂತರದಲ್ಲಿ ತಪ್ಪಿತು. ಅರುವತ್ತೆರಡನೆಯ ವಯಸ್ಸಿನಲ್ಲಿ, ಕಂಠದ ಸಿರಿಯ ಬಹುಭಾಗ ವ್ಯಯವಾಗಿ ಹೋದ ಮೇಲೆ, ಆಕೆ ತಗಡಿನ ಒಂದು ಕಹಳೆಯ ಮುಂದೆ ನಿಂತು ಹಾಡಿದಳು.

ಪಾಟಿ ಹುಟ್ಟಿದ್ದು 1843ರ ಫೆಬ್ರವರಿಯಲ್ಲಿ, ಸ್ಪೇನ್ ದೇಶದ ಮ್ಯಾಡ್ರಿಡ್ ನಗರದಲ್ಲಿ. ತಂದೆ ಸಾಲ್ವತೋರೆ ಪಾಟಿ, ತಾಯಿ ಕತೆರೀನಾ ಬರೀಲಿ. ಇಬ್ಬರೂ ಇಟಲಿಯವರು, ಇಬ್ಬರೂ ಆಪೆರಾ ಗಾಯಕರು. ಆಪೆರಾ ಎಂದರೆ ಇಟಲಿಯಲ್ಲಿ ಹುಟ್ಟಿ ಯೂರೋಪಿನ ಉದ್ದಗಲಕ್ಕೂ ಹಬ್ಬಿದ ಸಂಗೀತ ನಾಟಕ. ಅದರಲ್ಲಿ ಪಾತ್ರಧಾರಿಗಳು ತಮ್ಮ ಪ್ರೀತಿ, ಕೋಪ, ದುಃಖ, ಸಾವು ಎಲ್ಲವನ್ನೂ ವಾದ್ಯವೃಂದದ ಜೊತೆಗೆ ಹಾಡಿಯೇ ತೋರಿಸಬೇಕು. ಹೆಂಗಸರ ಕಂಠಗಳಲ್ಲಿ ಅತ್ಯಂತ ಎತ್ತರದ ಸ್ಥಾಯಿಯಲ್ಲಿ ಸಂಚರಿಸಬಲ್ಲ ಕಂಠಕ್ಕೆ ಸೊಪ್ರಾನೊ ಎಂದು ಹೆಸರು. ಆಪೆರಾಗಳ ನಾಯಕಿಯ ಪಾತ್ರ ಸಾಮಾನ್ಯವಾಗಿ ಸೊಪ್ರಾನೊ ಗಾಯಕಿಯದು. ಹೆರಿಗೆಯ ಹಿಂದಿನ ರಾತ್ರಿಯೂ ಕತೆರೀನಾ ರಂಗದ ಮೇಲೆ ಹಾಡುತ್ತಿದ್ದಳೆಂದು ಒಂದು ಕಥೆಯುಂಟು. ಪ್ರಸಿದ್ಧರ ಹುಟ್ಟಿನ ಸುತ್ತ ಇಂಥ ಕಥೆಗಳು ತಾವಾಗಿಯೇ ಬೆಳೆಯುತ್ತವೆ; ನಂಬಲೇಬೇಕೆಂದಿಲ್ಲ. ಅಡೆಲೀನಾ ಹಾಡಿನ ಮನೆಯಲ್ಲಿ ಹುಟ್ಟಿದಳೆಂಬುದು ಮಾತ್ರ ನಿಜ.

ಆಕೆ ಎಳೆಯ ಮಗುವಾಗಿರುವಾಗಲೇ ಕುಟುಂಬ ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ವಲಸೆ ಹೋಯಿತು. ತಂದೆ ಅಲ್ಲಿ ಆಪೆರಾ ನಡೆಸುವ ವ್ಯವಹಾರಕ್ಕೆ ಕೈಹಾಕಿದನು. ಅದು ಅವನ ಕೈಹಿಡಿಯಲಿಲ್ಲ. ಮನೆಯಲ್ಲಿ ಕಷ್ಟ ತಲೆದೋರಿದಾಗ ನೆರವಿಗೆ ಬಂದದ್ದು ಕೊನೆಯ ಮಗಳ ಕಂಠ. ಏಳೆಂಟು ವರ್ಷದ ಹುಡುಗಿ ದೊಡ್ಡ ಗಾಯಕಿಯರ ಕ್ಲಿಷ್ಟವಾದ ಹಾಡುಗಳನ್ನು ಕೇವಲ ಕಿವಿಯಿಂದ ಕೇಳಿ ಕಲಿತು ಹಾಡುತ್ತಿದ್ದಳು. ಸಭಿಕರಿಗೆ ಕಾಣಲೆಂದು ಅವಳನ್ನು ಮೇಜಿನ ಮೇಲೆ ನಿಲ್ಲಿಸಿ ಹಾಡಿಸಿದರೆಂದು ಹೇಳುತ್ತಾರೆ. ತಾಯಿಯ ಮೊದಲ ಮದುವೆಯ ಮಗನಾದ ಎತ್ತೋರೆ ಬರೀಲಿ ಅವಳಿಗೆ ಪಾಠ ಹೇಳಿದನು. ಅಕ್ಕ ಅಮಾಲಿಯಾಳ ಗಂಡ ಮಾರಿಸ್ ಸ್ಟ್ರಾಕೋಶ್ ಅವಳ ಸಂಗೀತ ಯಾತ್ರೆಗಳ ಹೊಣೆ ಹೊತ್ತನು. ಹೀಗೆ ಗೊಂಬೆಯಾಡುವ ವಯಸ್ಸಿನಲ್ಲಿ ಆಕೆ ಊರಿಂದೂರಿಗೆ ಅಲೆದು ದುಡಿದಳು. ಮುಂದೆ ಹಣದ ವಿಷಯದಲ್ಲಿ ಪಾಟಿ ತೋರಿದ ಬಿಗಿಯನ್ನು ಟೀಕಿಸಿದವರು ಬಹಳ ಮಂದಿ. ಆ ಬಿಗಿಯ ಬೇರು ಈ ಬಾಲ್ಯದಲ್ಲಿದೆಯೆಂಬುದನ್ನು ಅವರು ಮರೆತಂತಿದೆ. ಅವಳ ಇನ್ನೊಬ್ಬ ಅಕ್ಕ ಕಾರ್ಲೋಟಾಳೂ ಅಪೂರ್ವ ಗಾಯಕಿ. ಕಾಲಿನ ಊನದಿಂದಾಗಿ ಆಕೆ ನಾಟಕರಂಗಕ್ಕೆ ಬಾರದೆ ಕಚೇರಿಗಳಲ್ಲಿ ಹಾಡಿಯೇ ತೃಪ್ತಳಾಗಬೇಕಾಯಿತು.

1859ರ ನವೆಂಬರ್ 24ರಂದು ನ್ಯೂಯಾರ್ಕಿನ ಅಕಾಡೆಮಿ ಆಫ್ ಮ್ಯೂಸಿಕ್ ಎಂಬ ರಂಗಮಂದಿರದಲ್ಲಿ ಅಡೆಲೀನಾ ಪಾಟಿ ಮೊದಲ ಬಾರಿಗೆ ಆಪೆರಾದ ನಾಯಕಿಯಾಗಿ ಕಾಣಿಸಿಕೊಂಡಳು. ಡೋನಿಜೆಟ್ಟಿ ರಚಿಸಿದ ಲೂಚಿಯಾ ದಿ ಲಾಮರ್ಮೂರ್ ಆ ಆಪೆರಾ. ಒಲಿದವನಿಂದ ಅಗಲಿಸಲ್ಪಟ್ಟು ಬುದ್ಧಿಭ್ರಮಣೆಗೊಳಗಾಗುವ ತರುಣಿಯ ಪಾತ್ರ ಅದು. ನುರಿತವರೂ ಅಂಜುವ ಪಾತ್ರ. ಪಾಟಿಗೆ ಆಗ ಹದಿನಾರು ವರ್ಷ.

ಒಂದೂವರೆ ವರ್ಷದ ಬಳಿಕ, 1861ರ ಮೇ ತಿಂಗಳಿನಲ್ಲಿ, ಆಕೆ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಬೆಲ್ಲೀನಿಯ ಲಾ ಸೊನ್ನಾಂಬುಲಾ ಆಪೆರಾದಲ್ಲಿ ಹಾಡಿದಳು. ಈ ಆಪೆರಾದ ಕಥೆಯನ್ನು ಇಲ್ಲಿ ಸ್ವಲ್ಪ ತಿಳಿಯುವುದು ಅವಶ್ಯ. ಅಮೀನಾ ಎಂಬ ಹಳ್ಳಿಯ ಮುಗ್ಧ ಹುಡುಗಿಗೆ ನಿದ್ದೆಯಲ್ಲಿ ನಡೆಯುವ ರೋಗ. ಅರಿವಿಲ್ಲದೆ ನಡೆದು ಅಪರಿಚಿತನೊಬ್ಬನ ಕೋಣೆಯನ್ನು ಹೊಕ್ಕು ಅಪವಾದಕ್ಕೆ ಗುರಿಯಾಗುತ್ತಾಳೆ. ವರಿಸಬೇಕಾಗಿದ್ದವನು ತೊರೆಯುತ್ತಾನೆ. ಕೊನೆಯಲ್ಲಿ ಊರಿನವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಆಕೆ ನಿದ್ದೆಯಲ್ಲಿಯೇ ಅಪಾಯದ ದಾರಿಯಲ್ಲಿ ನಡೆದುಬರುತ್ತಾಳೆ. ಅವನು ಹಿಂದೆ ಕೊಟ್ಟಿದ್ದ ಹೂಗಳು ಇಷ್ಟು ಬೇಗ ಬಾಡಿದುವಲ್ಲ ಎಂದು ಮರುಗಿ ಹಾಡುತ್ತಾಳೆ. ಆಗ ಅವಳ ನಿರ್ದೋಷ ಎಲ್ಲರಿಗೂ ತಿಳಿಯುತ್ತದೆ. ಹದಿನೆಂಟು ವರ್ಷದ ಪಾಟಿ ಆ ಹಾಡನ್ನು ಹಾಡಿದ ರಾತ್ರಿಯ ನಂತರ ಲಂಡನ್ ಅವಳದಾಯಿತು. ಅಲ್ಲಿಂದ ಇಪ್ಪತ್ತೈದು ವರ್ಷ, ಒಂದು ವರ್ಷವೂ ಬಿಡದೆ, ಆಕೆ ಕೋವೆಂಟ್ ಗಾರ್ಡನ್ನಿನಲ್ಲಿ ಹಾಡಿದಳು.

ಪ್ಯಾರಿಸ್, ವಿಯೆನ್ನಾ, ಸೇಂಟ್ ಪೀಟರ್ಸ್‌ಬರ್ಗ್ ನಗರಗಳು ಒಂದೊಂದಾಗಿ ಅವಳಿಗೆ ಮಾರುಹೋದುವು. ಪ್ಯಾರಿಸಿನಲ್ಲಿ ವೃದ್ಧ ಸಂಗೀತರಚಕ ರೋಸೀನಿಯ ಎದುರಿನಲ್ಲಿ ಅವನದೇ ಸೆವಿಲ್ಲದ ಕ್ಷೌರಿಕ ಎಂಬ ಆಪೆರಾದ ಹಾಡೊಂದನ್ನು ಆಕೆ ಹಾಡಿದ ಪ್ರಸಂಗವನ್ನು ಸಂಗೀತಗಾರರು ಇಂದಿಗೂ ನೆನೆಯುತ್ತಾರೆ. ಆ ಕಾಲದ ಗಾಯಕರು ರಚಕನು ಬರೆದ ಸ್ವರಗಳಿಗೆ ತಮ್ಮ ಕಲ್ಪನೆಯ ಅಲಂಕಾರಗಳನ್ನು ಸೇರಿಸಿ ಹಾಡುವುದು ವಾಡಿಕೆಯಾಗಿತ್ತು. ಪಾಟಿ ಆ ದಿನ ಸೇರಿಸಿದ ಅಲಂಕಾರಗಳು ಎಷ್ಟಿದ್ದುವೆಂದರೆ, ಹಾಡು ಮುಗಿದ ಮೇಲೆ ರೋಸೀನಿ ಬಹು ವಿನಯದಿಂದ ಈ ಹಾಡಿನ ಕರ್ತೃ ಯಾರೆಂದು ವಿಚಾರಿಸಿದನಂತೆ. ಆಕೆ ಆ ಮಾತಿನಿಂದ ನೊಂದಳು. ಆದರೆ ಅವಮಾನವನ್ನು ಕಟ್ಟಿಕೊಂಡು ಕೂರಲಿಲ್ಲ. ಅವನ ಬಳಿಗೆ ಮತ್ತೆ ಹೋಗಿ ಸಲಹೆ ಕೇಳಿ ತಿದ್ದಿಕೊಂಡಳು. ಮುಂದೆ ಅವರಿಬ್ಬರಲ್ಲಿ ಗಾಢವಾದ ಸ್ನೇಹ ಬೆಳೆಯಿತು. 1868ರಲ್ಲಿ ರೋಸೀನಿ ತೀರಿಕೊಂಡಾಗ ಅಂತ್ಯಕ್ರಿಯೆಯ ಪ್ರಾರ್ಥನೆಯಲ್ಲಿ ಪಾಟಿ ಹಾಡಿದಳು. ಇಟಲಿಯ ಮತ್ತೊಬ್ಬ ಮಹಾರಚಕ ವೆರ್ದಿಯೂ ಅವಳನ್ನು ತನ್ನ ಕಾಲದ ಗಾಯಕಿಯರಲ್ಲಿ ಅಗ್ರಗಣ್ಯಳೆಂದು ಭಾವಿಸಿದ್ದನು. ಅವನ ಆಯಿದಾ ಆಪೆರಾವನ್ನು 1876ರಲ್ಲಿ ಲಂಡನ್ನಿಗೆ ಮೊದಲು ಪರಿಚಯಿಸಿದಾಗ ನಾಯಕಿಯ ಪಾತ್ರ ವಹಿಸಿದವಳು ಪಾಟಿಯೇ.

ಅವಳ ಕಂಠ ಗಾತ್ರದಲ್ಲಿ ಭಾರಿಯಾದುದಲ್ಲ. ಅದರ ಹಿರಿಮೆಯಿದ್ದುದು ಶುದ್ಧತೆಯಲ್ಲಿ, ಒಂದು ಸ್ವರದಿಂದ ಇನ್ನೊಂದಕ್ಕೆ ಬಿರುಕು ಕಾಣದಂತೆ ಸಾಗುವ ನಯದಲ್ಲಿ, ನೆರೆಹೊರೆಯ ಎರಡು ಸ್ವರಗಳನ್ನು ಅತಿವೇಗವಾಗಿ ಅದಲುಬದಲಾಗಿ ನುಡಿಸುವ ಟ್ರಿಲ್ ಎಂಬ ಅಲಂಕಾರದ ಖಚಿತತೆಯಲ್ಲಿ. ಈ ಕಂಠವನ್ನು ಆಕೆ ಜಿಪುಣನು ಹೊನ್ನನ್ನು ಕಾಯುವಂತೆ ಕಾಯ್ದಳು. ಒಪ್ಪಂದ ಪತ್ರಗಳಲ್ಲಿಯೇ ತಾನು ತಾಲೀಮಿಗೆ ಬರಬೇಕಾಗಿಲ್ಲವೆಂದು ಬರೆಸಿಕೊಳ್ಳುತ್ತಿದ್ದಳು. ಇತರ ಪಾತ್ರಧಾರಿಗಳಿಗೆ ಇದರಿಂದಾದ ತೊಂದರೆ ಕಡಿಮೆಯೇನಲ್ಲ. ಆದರೂ ಐವತ್ತು ವರ್ಷ ಮೀರಿ ಆ ಕಂಠ ಬಾಳಿತೆಂದರೆ ಈ ಎಚ್ಚರವೂ ಅದಕ್ಕೆ ಒಂದು ಕಾರಣ.

ಸಂಭಾವನೆಯ ವಿಷಯದಲ್ಲಂತೂ ಆಕೆ ಯಾರಿಗೂ ಮಣಿದವಳಲ್ಲ. 1880ರ ದಶಕದ ಅಮೆರಿಕ ಯಾತ್ರೆಗಳಲ್ಲಿ ಒಂದು ರಾತ್ರಿಯ ಹಾಡಿಗೆ 5,000 ಡಾಲರು, ಅದೂ ತೆರೆಯೇಳುವ ಮುನ್ನವೇ ಕೈಸೇರಬೇಕು ಎಂಬುದು ಅವಳ ಕರಾರು. ಆ ಯಾತ್ರೆಗಳನ್ನು ನಡೆಸಿದ ಮೇಪಲ್‌ಸನ್ ಎಂಬಾತನು ಒಂದು ಸಂಜೆ ಪೂರ್ತಿ ಹಣ ಹೊಂದಿಸಲಾರದೆ ಹೋದನು. ಪಾಟಿ ಪಾತ್ರದ ಉಡುಪನ್ನೆಲ್ಲ ಧರಿಸಿ ಸಿದ್ಧಳಾದಳು, ಪಾದರಕ್ಷೆಗಳನ್ನು ಮಾತ್ರ ಧರಿಸಲಿಲ್ಲ. ಇನ್ನಷ್ಟು ಹಣ ಬಂದಾಗ ಒಂದು ಕಾಲಿಗೆ ಪಾದರಕ್ಷೆ ಏರಿತು; ಬಾಕಿಯೂ ಸಂದ ಮೇಲೆ ಇನ್ನೊಂದು ಕಾಲಿಗೆ. ಆಮೇಲೆ ನಗುನಗುತ್ತ ರಂಗಕ್ಕೆ ನಡೆದಳಂತೆ. ಇದನ್ನು ಬರೆದವನು ಹಣ ತೆತ್ತ ಮೇಪಲ್‌ಸನ್ನನೇ ಆದುದರಿಂದ ಒಗ್ಗರಣೆ ಸ್ವಲ್ಪ ಹೆಚ್ಚಾಗಿರಬಹುದು.

ವೈಯಕ್ತಿಕ ಜೀವನದಲ್ಲಿ ಆಕೆ ಏಳುಬೀಳುಗಳನ್ನು ಕಂಡಳು. 1868ರಲ್ಲಿ ಫ್ರೆಂಚ್ ಶ್ರೀಮಂತ ಮಾರ್ಕಿ ದ ಕೋ ಎಂಬವನೊಡನೆ ನಡೆದ ಮದುವೆ ಸುಖವಾಗಲಿಲ್ಲ, 1885ರಲ್ಲಿ ವಿಚ್ಛೇದನವಾಯಿತು. ಮರುವರ್ಷ ಸಹಗಾಯಕ ಎರ್ನೆಸ್ಟೋ ನಿಕೋಲೀನಿಯನ್ನು ವರಿಸಿದಳು. 1898ರಲ್ಲಿ ಅವನು ಮರಣ ಹೊಂದಿದ ಮೇಲೆ ಸ್ವೀಡನ್ನಿನ ಬ್ಯಾರನ್ ಸೆಡರ್‌ಸ್ಟ್ರೋಮನನ್ನು ಕೈಹಿಡಿದಳು. ಇಷ್ಟರ ನಡುವೆ ಅವಳಿಗೆ ನೆಲೆಯೆನಿಸಿದ್ದು 1878ರಲ್ಲಿ ಕೊಂಡ ಕ್ರೇಗ್ ಎ ನೋಸ್ ಎಂಬ ಕೋಟೆಮನೆ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ, ಟಾವೆ ಹೊಳೆಯ ಕಣಿವೆಯ ಮೇಲ್ಭಾಗದಲ್ಲಿ, ಬೆಟ್ಟಗಳ ಮಡಿಲಿನಲ್ಲಿ ಆ ಮನೆ ಇದೆ. 1891ರಲ್ಲಿ ಆಕೆ ಅದಕ್ಕೆ ಸೇರಿದಂತೆ ತನ್ನದೇ ಆದ ಒಂದು ಪುಟ್ಟ ರಂಗಮಂದಿರವನ್ನು ಕಟ್ಟಿಸಿದಳು. ಪ್ರೇಕ್ಷಕರು ಕುಳಿತುಕೊಳ್ಳುವ ನೆಲವನ್ನು ಯಂತ್ರದಿಂದ ಮೇಲಕ್ಕೆತ್ತಿ ನೃತ್ಯಶಾಲೆಯನ್ನಾಗಿ ಮಾಡಬಹುದಾಗಿತ್ತು. ತೆರೆಯ ಮೇಲೆ ರೋಸೀನಿಯ ಆಪೆರಾದ ರಾಣಿ ಸೆಮಿರಾಮಿದೆಯ ವೇಷದಲ್ಲಿ ರಥವೇರಿದ ಪಾಟಿಯ ಚಿತ್ರ.

ಇತ್ತ ವಿಜ್ಞಾನ ಒಂದು ಹೊಸ ಬಾಗಿಲನ್ನು ತೆರೆದಿತ್ತು. 1877ರಲ್ಲಿ ಎಡಿಸನ್ ಧ್ವನಿಯನ್ನು ಹಿಡಿದಿಡುವ ಯಂತ್ರವನ್ನು ಕಂಡುಹಿಡಿದನು. ಹತ್ತು ವರ್ಷದ ಬಳಿಕ ಎಮಿಲ್ ಬರ್ಲಿನರ್ ಚಪ್ಪಟೆಯಾದ ತಟ್ಟೆಯ ಮೇಲೆ ಧ್ವನಿಯನ್ನು ಕೊರೆಯುವ ಗ್ರಾಮಫೋನನ್ನು ರೂಪಿಸಿದನು. ಆಗ ಮೈಕ್ರೊಫೋನಿನ ನೆರವು ಇರಲಿಲ್ಲ. ಅದು ಧ್ವನಿಮುದ್ರಣಕ್ಕೆ ಬಂದದ್ದು 1925ರ ಹೊತ್ತಿಗೆ. ಗಾಯಕರು ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಹಾಡಬೇಕು. ಕಹಳೆಯ ಕಿರಿದಾದ ತುದಿಯಲ್ಲಿರುವ ತೆಳ್ಳನೆಯ ಪೊರೆ ಧ್ವನಿಯ ಹೊಡೆತಕ್ಕೆ ಕಂಪಿಸುತ್ತದೆ. ಪೊರೆಗೆ ಅಂಟಿದ ಮೊನೆ ತಿರುಗುವ ಮೇಣದ ಬಿಲ್ಲೆಯ ಮೇಲೆ ಆ ಕಂಪನವನ್ನು ಗೀರಾಗಿ ಕೊರೆಯುತ್ತದೆ. ಆ ಮೇಣದಿಂದ ಲೋಹದ ಅಚ್ಚನ್ನು ತೆಗೆದು ಅರಗಿನ ತಟ್ಟೆಗಳನ್ನು ಒತ್ತುತ್ತಿದ್ದರು. ಆ ಅರಗಿನ ಬಹುಭಾಗ ನಮ್ಮ ಭಾರತದ ಕಾಡುಗಳ ಮರಗಳಿಂದಲೇ ಹಡಗೇರಿ ಹೋಗುತ್ತಿತ್ತೆಂಬುದು ಗಮನಿಸತಕ್ಕ ಸಂಗತಿ. ತಟ್ಟೆಯ ಮೇಲೆ ಹಿಡಿಸುತ್ತಿದ್ದುದು ಮೂರು ನಾಲ್ಕು ನಿಮಿಷಗಳ ಹಾಡು ಮಾತ್ರ.

ಲಂಡನ್ನಿನ ಗ್ರಾಮಫೋನ್ ಕಂಪನಿಯವರಿಗೆ ಪಾಟಿಯ ಕಂಠವನ್ನು ಹಿಡಿಯಬೇಕೆಂಬ ಹಂಬಲ. 1902ರಲ್ಲಿ ಮಿಲಾನಿನಲ್ಲಿ ಕರೂಸೊ ಹಾಡಿದ್ದನು. 1904ರಲ್ಲಿ ನೆಲ್ಲಿ ಮೆಲ್ಬಾಳೂ ಹಾಡಿದ್ದಳು. ಪಾಟಿ ಒಪ್ಪಿರಲಿಲ್ಲ. 1903ರಲ್ಲಿ ಆರಂಭಿಸಿದ ಅವಳ ಕೊನೆಯ ಅಮೆರಿಕ ಯಾತ್ರೆ ವಿಮರ್ಶಕರ ಮೆಚ್ಚುಗೆಯನ್ನು ಪಡೆಯದೆ ಹೋಗಿತ್ತು. ಕಂಠ ಕುಂದುತ್ತಿದೆಯೆಂಬುದನ್ನು ಅವಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಇಷ್ಟು ಕಾಲ ದಂತಕಥೆಯಾಗಿ ಉಳಿದ ಹೆಸರನ್ನು ಮುಪ್ಪಿನ ದನಿಯಿಂದ ಮಾಸಲು ಮಾಡಿಕೊಳ್ಳುವುದೇ? ಇಲ್ಲವೆ ಏನನ್ನೂ ಉಳಿಸದೆ ಹೋಗುವುದೇ? ಕೊನೆಗೆ 1905ರ ಡಿಸೆಂಬರಿನಲ್ಲಿ ಆಕೆ ಒಪ್ಪಿದಳು. ಆದರೆ ಯಂತ್ರವೇ ಅವಳ ಮನೆಗೆ ಬರಬೇಕು.

ಫ್ರೆಡ್ ಗೈಸ್‌ಬರ್ಗ್ ಮತ್ತು ಅವನ ತಮ್ಮ ವಿಲಿಯಂ ಯಂತ್ರಗಳನ್ನು ಹೊತ್ತು ಕ್ರೇಗ್ ಎ ನೋಸಿಗೆ ಬಂದರು. ಈ ಫ್ರೆಡ್ ಗೈಸ್‌ಬರ್ಗ್ ನಮಗೆ ತೀರ ಹೊರಗಿನವನಲ್ಲ. 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನಳ ಹಾಡನ್ನು ಮುದ್ರಿಸಿಕೊಂಡವನು ಇವನೇ. ಆ ಗೌಹರ್ ಜಾನ್ ಮುಂದೆ ಮೈಸೂರು ಅರಮನೆಯ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲಿಯೇ ಕೊನೆಯುಸಿರೆಳೆದಳು. ಕೋಟೆಮನೆಯ ಎರಡು ಮಲಗುವ ಕೋಣೆಗಳನ್ನು ತೆರವುಮಾಡಿಸಿ, ಪಿಯಾನೊವನ್ನು ಪೆಟ್ಟಿಗೆಗಳ ಮೇಲೆ ಏರಿಸಿ, ಕಹಳೆಯ ಬಾಯಿಯಷ್ಟೇ ಹೊರಗೆ ಕಾಣುವಂತೆ ಯಂತ್ರವನ್ನು ಮರೆಯಲ್ಲಿರಿಸಿದರು. ಪಿಯಾನೊ ನುಡಿಸಿದವನು ಲ್ಯಾಂಡನ್ ರೊನಾಲ್ಡ್. ಆಕೆ ಮನಸ್ಸು ಮಾಡುವವರೆಗೂ ಎಲ್ಲರೂ ಕಾಯಬೇಕಾಗಿತ್ತು.

ಕಹಳೆಯ ಮುಂದೆ ಹಾಡುವುದಕ್ಕೆ ಒಂದು ಉಪಾಯ ಬೇಕು. ಮೇಲಿನ ಸ್ವರಗಳು ಜೋರಾಗಿ ಹೊಮ್ಮಿದರೆ ಮೊನೆ ಜಿಗಿದು ಮೇಣ ಕೆಡುತ್ತದೆ. ಆಗ ಗಾಯಕರು ಹಿಂದಕ್ಕೆ ಸರಿಯಬೇಕು. ರಾಜಮಹಾರಾಜರ ಮುಂದೆ ಹಾಡಿದ ಪಾಟಿಯನ್ನು ತೋಳು ಹಿಡಿದು ಹಿಂದಕ್ಕೆಳೆಯುವುದೆಂದರೆ ಸಾಮಾನ್ಯವೇ? ಆಕೆ ಸಿಡಿಮಿಡಿಗೊಂಡಳು. ಮೊದಲು ಹಾಡಿದ್ದು ಮೋಟ್ಸಾರ್ಟನ ಫಿಗಾರೊ ಆಪೆರಾದ ಒಂದು ಹಾಡನ್ನು. ಮುಗಿದೊಡನೆ ತನ್ನ ದನಿಯನ್ನು ತಾನು ಆಗಲೇ ಕೇಳಬೇಕೆಂದು ಹಟಹಿಡಿದಳು. ಮೇಣದ ಬಿಲ್ಲೆಯನ್ನು ಒಮ್ಮೆ ನುಡಿಸಿದರೆ ಅದು ಸವೆದು ಅಚ್ಚು ತೆಗೆಯಲು ಬಾರದಂತಾಗುತ್ತದೆ. ಮತ್ತೊಮ್ಮೆ ಹಾಡಿಕೊಡುವೆನೆಂದು ಆಕೆ ಮಾತುಕೊಟ್ಟ ಮೇಲೆ ನುಡಿಸಿದರು. ಐವತ್ತು ವರ್ಷ ಲೋಕವೆಲ್ಲ ಕೇಳಿದ್ದ ಆ ದನಿಯನ್ನು ಅದರ ಒಡತಿ ಅಂದೇ ಮೊದಲು ಹೊರಗಿನಿಂದ ಕೇಳಿದ್ದು. ಕಹಳೆಯಿಂದ ಹಾಡು ಹೊರಟಾಗ ಆಕೆ ಮಗುವಿನಂತೆ ಹಿಗ್ಗಿ, ಕಹಳೆಯತ್ತ ಮುತ್ತುಗಳನ್ನು ತೂರಿ, ತಾನು ಪಾಟಿಯೆನಿಸಿಕೊಂಡುದು ಏಕೆಂಬುದು ಈಗ ತನಗೆ ಅರ್ಥವಾಯಿತೆಂದು ಉದ್ಗರಿಸಿದಳೆಂದು ರೊನಾಲ್ಡ್ ಬರೆದಿಟ್ಟಿದ್ದಾನೆ. ಹಿಂದಕ್ಕೆಳೆದವರ ಮೇಲಿನ ಸಿಟ್ಟೂ ಅಲ್ಲಿಗೆ ಇಳಿಯಿತು.

1906ರ ಜೂನಿನಲ್ಲಿ ಎರಡನೆಯ ಬಾರಿ ಮುದ್ರಣ ನಡೆಯಿತು. ಆಗ ಪಿಯಾನೊ ನುಡಿಸಿದವನು ಸಂಬಂಧಿಯಾದ ಆಲ್ಫ್ರೆಡೊ ಬರೀಲಿ. ಎರಡು ಸಲಕ್ಕೂ ಸೇರಿ ಸುಮಾರು ಮೂವತ್ತು ಹಾಡುಗಳು. ಕಂಪನಿ ಅವಳ ತಟ್ಟೆಗಳಿಗೆಂದೇ ಗುಲಾಬಿ ಬಣ್ಣದ ಪಟ್ಟಿಯನ್ನು ಅಂಟಿಸಿ ಮಾರಿತು.

ಆ ತಟ್ಟೆಗಳನ್ನು ಇಂದು ಕೇಳುವವರಿಗೆ ಮೊದಲು ಕೇಳಿಸುವುದು ಮುಳ್ಳಿನ ಕರಕರ ಸದ್ದು. ಆಮೇಲೆ ವಯಸ್ಸಿನ ಕುರುಹು. ಉಸಿರು ಮೊದಲಿನಂತೆ ನಿಲ್ಲದು; ಸಾಲಿನ ನಡುವೆಯೇ ಉಸಿರೆಳೆದುಕೊಳ್ಳುತ್ತಾಳೆ. ಹಾಡುಗಳನ್ನು ಮೂಲ ಶ್ರುತಿಗಿಂತ ಇಳಿಸಿ ಹಾಡಿದ್ದಾಳೆ. ಸ್ವರ ಅಲ್ಲಲ್ಲಿ ನಡುಗುತ್ತದೆ. ಇನ್ನೊಂದು ತೊಡಕೂ ಇದೆ: ಆಗ ತಟ್ಟೆ ತಿರುಗುವ ವೇಗ ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ತಪ್ಪಾದ ವೇಗದಲ್ಲಿ ತಿರುಗಿಸಿದರೆ ಶ್ರುತಿಯೇ ಏರಿ ದನಿ ಕೀಚಲಾಗುತ್ತದೆ. ಇದನ್ನು ಅರಿಯದೆ ಕೇಳಿ, ಇಷ್ಟೆಯೇ ಪಾಟಿ ಎಂದು ಮೂಗುಮುರಿಯುವುದು ಸುಲಭ. ಆದರೆ ತಾಳ್ಮೆಯಿಂದ ಎರಡನೆಯ ಸಲ ಕೇಳಿದರೆ ಆ ಟ್ರಿಲ್ ಇನ್ನೂ ಮುತ್ತು ಪೋಣಿಸಿದಂತೆ ಸಮವಾಗಿರುವುದು ತಿಳಿಯುತ್ತದೆ. ಸ್ಪೇನಿನ ಲಾ ಕಾಲೆಸೇರಾ ಹಾಡಿನಲ್ಲಿ ಅರುವತ್ತಮೂರರ ಮುದುಕಿ ಹುಡುಗಿಯಂತೆ ಕೇಕೆಹಾಕುವುದು ಕೇಳುತ್ತದೆ. ರೋಸೀನಿ, ವೆರ್ದಿ ಮೊದಲಾದವರು ಕುಳಿತು ಕೇಳಿದ ಹಾಡುಗಾರಿಕೆಯ ರೀತಿ, ಅವರ ಕಾಲದ ಅಲಂಕಾರಗಳು, ಎಳೆತ, ನಿಲುಗಡೆಗಳು ಹೇಗಿದ್ದುವೆಂಬುದನ್ನು ಪುಸ್ತಕಗಳು ಹೇಳಲಾರವು. ವಿದ್ವಾಂಸರು ಅದಕ್ಕಾಗಿ ಇಂದು ಈ ತಟ್ಟೆಗಳ ಬಳಿಗೆ ಬರುತ್ತಾರೆ. ಕಂಠ ಸೋತಿದ್ದರೂ ಪಾಠ ಸೋತಿರಲಿಲ್ಲ.

1906ರಲ್ಲಿ ಆಕೆ ಹಾಡಿದ ಹಾಡುಗಳಲ್ಲಿ ಲಾ ಸೊನ್ನಾಂಬುಲಾದ ಅಮೀನಾಳ ಆ ಹಾಡೂ ಒಂದು. ಲಂಡನ್ನಿನಲ್ಲಿ ಅದನ್ನು ಮೊದಲು ಹಾಡಿ ನಲವತ್ತೈದು ವರ್ಷವಾಗಿತ್ತು. ಬಾಡಿದ ಹೂಗಳನ್ನು ಕುರಿತ ಆ ಹಾಡನ್ನು ಈಗ ಬಹು ನಿಧಾನವಾಗಿ, ಒಂದೊಂದು ಸ್ವರವನ್ನೂ ತಡವಿ ನೋಡುವಂತೆ ಹಾಡಿದ್ದಾಳೆ. ಎಲ್ಲ ತಟ್ಟೆಗಳಲ್ಲಿ ಒಂದನ್ನೇ ಕೇಳಲು ಅವಕಾಶವಿದ್ದರೆ ಇದನ್ನು ಕೇಳಬೇಕು. ಮಾರಾಟಕ್ಕಲ್ಲದೆ ತೆಗೆದ ಇನ್ನೊಂದು ಮುದ್ರಿಕೆಯೂ ಉಂಟು. ಅದರಲ್ಲಿ ಹಾಡಿಲ್ಲ, ಹೊಸ ವರ್ಷಕ್ಕೆಂದು ತನ್ನ ಗಂಡನಿಗೆ ಆಕೆ ಫ್ರೆಂಚ್ ಭಾಷೆಯಲ್ಲಿ ನುಡಿದ ಶುಭಾಶಯವಿದೆ. ತಾನು ಇಲ್ಲವಾದ ಮೇಲೂ ಮನೆಯವರಿಗೆ ತನ್ನ ಮಾತು ಕೇಳುವುದೆಂಬ ಅರಿವು ಅವಳಿಗೆ ಅಷ್ಟರಲ್ಲಿ ಬಂದಿತ್ತು.

1906ರ ಡಿಸೆಂಬರ್ 1ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಪಾಟಿ ವಿಧ್ಯುಕ್ತವಾಗಿ ವಿದಾಯದ ಕಚೇರಿ ನಡೆಸಿದಳು. ಅದಕ್ಕೆ ಮೊದಲೂ ಹಲವು ಬಾರಿ ಇದೇ ಕೊನೆಯೆಂದು ಸಾರಿ ಮತ್ತೆ ಮತ್ತೆ ಹಾಡಿದ್ದರಿಂದ ಅವಳ ವಿದಾಯಗಳು ನಗೆಮಾತಾಗಿದ್ದುವು. 1914ರ ಅಕ್ಟೋಬರಿನಲ್ಲಿ, ಮೊದಲನೆಯ ಮಹಾಯುದ್ಧ ಆರಂಭವಾದಾಗ, ಗಾಯಗೊಂಡವರ ನೆರವಿಗಾಗಿ ರೆಡ್ ಕ್ರಾಸ್ ಸಂಸ್ಥೆಗೆ ಹಣ ಕೂಡಿಸಲು ಅದೇ ಆಲ್ಬರ್ಟ್ ಹಾಲಿನಲ್ಲಿ ಮತ್ತೊಮ್ಮೆ ಹಾಡಿದಳು. ಆಗ ಅವಳಿಗೆ ಎಪ್ಪತ್ತೊಂದು ವರ್ಷ. ಅದೇ ನಿಜವಾಗಿ ಕೊನೆಯದು.

1919ರ ಸೆಪ್ಟೆಂಬರ್ 27ರಂದು ಕ್ರೇಗ್ ಎ ನೋಸಿನಲ್ಲಿ ಪಾಟಿ ನಿಧನ ಹೊಂದಿದಳು. ಮರುವರ್ಷ ಅವಳ ಶರೀರವನ್ನು ಪ್ಯಾರಿಸಿನ ಪೇರ್ ಲಾಶೇಸ್ ಸ್ಮಶಾನಕ್ಕೆ ಕೊಂಡೊಯ್ದು ಸಮಾಧಿ ಮಾಡಿದರು. ಮನೆಯ ಪಕ್ಕದಲ್ಲಿದ್ದ ಗಾಜಿನ ಚಳಿಗಾಲದ ಉದ್ಯಾನಮಂದಿರವನ್ನು ಆಕೆ ಬದುಕಿದ್ದಾಗಲೇ ಸ್ವಾನ್ಸೀ ನಗರದ ಜನರಿಗೆ ದಾನ ಮಾಡಿದ್ದಳು. ಅದನ್ನು ಬಿಚ್ಚಿ ಒಯ್ದು ನಗರದ ಉದ್ಯಾನವೊಂದರಲ್ಲಿ ನಿಲ್ಲಿಸಿದರು. ಕೋಟೆಮನೆಯನ್ನು 1921ರಲ್ಲಿ ಕೊಂಡು ಕ್ಷಯರೋಗಿಗಳ ಆಸ್ಪತ್ರೆಯನ್ನಾಗಿ ಮಾಡಿದರು. ಅದಕ್ಕೆ ಮುಂದೆ ಪಾಟಿಯ ಹೆಸರೇ ಬಂದಿತು. 1986ರಲ್ಲಿ ಆಸ್ಪತ್ರೆ ಮುಚ್ಚಿತು. ಪುಟ್ಟ ರಂಗಮಂದಿರವೂ, ರಥವೇರಿದ ರಾಣಿಯ ಚಿತ್ರವುಳ್ಳ ತೆರೆಯೂ ಹಾಗೆಯೇ ಉಳಿದಿವೆ.